ಮೊಬೈಲ್ ಚಟಾನಾ? ಗಂಟೆ ಲೆಕ್ಕ ಬಿಡಿ, ಹೀಗೆ ನೋಡಿ

ಸ್ಕ್ರೀನ್ ಟೈಮ್ ಏಳು ಗಂಟೆ ತೋರಿಸ್ತು ಅಂತ ಗಾಬರಿ ಆಗ್ಬೇಡಿ, ಅದ್ರಲ್ಲಿ ಯೂಟ್ಯೂಬ್ ಲೆಕ್ಚರ್ರೂ ಇರುತ್ತೆ, ಅಮ್ಮನ ಜೊತೆ ವಿಡಿಯೋ ಕಾಲೂ ಇರುತ್ತೆ. ಫೋನ್ ಕೈಗೆ ಬರೋಕೆ ಮುಂಚೆ ಮನಸ್ಸಲ್ಲಿ ಏನಿತ್ತು, ಅದನ್ನ ಹಿಡೀಬೇಕು.

ಒಂದು ವಾರ, ಸುಮ್‌ಸುಮ್ನೆ ಫೋನ್ ತೆಗ್ದಾಗೆಲ್ಲ ನೋಟ್‌ಬುಕ್ಕಿನ ಕೊನೇ ಪೇಜಲ್ಲಿ ಟೈಮು, ಪಕ್ಕದಲ್ಲಿ ಒಂದು ಪದ ಬರೀರಿ: ಬೇಜಾರು, ಭಯ, ಒಂಟಿತನ, ಸಿಟ್ಟು, ಏನಿದ್ರೆ ಅದು. ಫೋನಲ್ಲೇ ಬರೀತೀನಿ ಅನ್ಬೇಡಿ, ರೀಲ್ಸಿಗೆ ಹೋಗ್ಬಿಡ್ತೀರಿ.

'ಭಯ' ಜಾಸ್ತಿ ಇದ್ದು ಅದೂ ಇಂಟರ್ನಲ್ಸ್ (ಕಾಲೇಜಿನ ಒಳಗಿನ ಪರೀಕ್ಷೆ) ಹತ್ರ ಬಂದಾಗ್ಲೇ ಅಂದ್ರೆ ಅದು ಸೋಮಾರಿತನ ಅಲ್ಲ, ಪುಸ್ತಕ ತೆಗೆದ್ರೆ ಆಗೋ ಸಂಕಟದಿಂದ ತಪ್ಪಿಸ್ಕೊಳ್ತಿದೀರಿ ಅಷ್ಟೇ. ಇಡೀ ಮಾಡ್ಯೂಲ್ ಮುಗಿಸ್ತೀನಿ ಅಂತ ಕೂರ್ಬೇಡಿ, ಹಳೇ ಪೇಪರಿಂದ ಒಂದೇ ಒಂದು ಪ್ರಶ್ನೆ ಬಿಡಿಸಿ ಸಾಕು.

'ಒಂಟಿತನ' ಬಂದ್ರೆ ಸ್ವಲ್ಪ ಕಷ್ಟ. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ ಓದಿ ರಾಯಚೂರು ಕಡೆಯಿಂದ ಬೆಂಗಳೂರಿಗೆ ಇಂಜಿನಿಯರಿಂಗಿಗೆ ಬಂದ ಹುಡುಗ ಅನ್ಕೊಳ್ಳಿ, ಕ್ಲಾಸಲ್ಲಿ ಇಂಗ್ಲಿಷಲ್ಲಿ ತಪ್ಪಾದ್ರೆ ನಗ್ತಾರೆ ಅಂತ ಬಾಯೇ ಬಿಡಲ್ಲ, ಅದೇ ರಾತ್ರಿ ಬಿಜಿಎಂಐ ಅನ್ನೋ ಮೊಬೈಲ್ ಗೇಮಿನ ಸ್ಕ್ವಾಡಲ್ಲಿ ಅವನು ಹೇಳಿದ್ ಕಡೆ ನಾಲ್ಕೂ ಜನ ಇಳೀತಾರೆ. ಕೀಳರಿಮೆ, ಜನರ ಮುಂದೆ ಅಂಜಿಕೆ ಇರೋರಿಗೆ ನೆಟ್ ಹಿಡಿಸೋದು ಹೀಗೇನೇ. ಗೇಮ್ ಡಿಲೀಟ್ ಮಾಡಿಸಿದ್ರೆ ಇನ್ನೊಂದು ಆ್ಯಪ್ ಬರುತ್ತೆ. ಮೊದ್ಲು ಮೆಸ್ಸಲ್ಲಿ ಯಾರಾದ್ರೂ ಒಬ್ರ ಜೊತೆ ಫೋನ್ ರೂಮಲ್ಲೇ ಬಿಟ್ಟು ಊಟ ಮಾಡೋ ಅಭ್ಯಾಸ ಮಾಡ್ಕೊಳ್ಳಿ, ಇಲ್ಲಾ ಸಂಜೆ ವಾಲಿಬಾಲಿಗೆ ಹೋಗಿ, ಆಡೋಕೆ ಬರ್ದೇ ಇದ್ರೂ ಪರ್ವಾಗಿಲ್ಲ.

ಬರೀ ಬೇಜಾರಾದ್ರೆ ನೋಟಿಫಿಕೇಶನ್ ಆಫ್ ಮಾಡಿ, ಚಾರ್ಜರ್ ಹಾಸಿಗೆಯಿಂದ ದೂರ ಇಡಿ.

ಆದ್ರೆ ಏನೂ ಬೇಡ ಅನ್ನಿಸ್ತಿದೆ, ನಿದ್ದೆ ಕೆಟ್ಟಿದೆ, ಇಲ್ಲಾ ಚಿಕ್ಕಂದಿನಿಂದ್ಲೂ ಒಂದ್ ಕಡೆ ಗಮನ ನಿಲ್ಲಲ್ಲ ಅಂದ್ರೆ ಈ ಟ್ರಿಕ್ಕುಗಳು ಸಾಲಲ್ಲ. ಡಿಪ್ರೆಶನ್, ಎಡಿಎಚ್‌ಡಿ (ಗಮನ ನಿಲ್ಲದೇ ಇರೋ ತೊಂದರೆ) ಇವೆಲ್ಲ ನೆಟ್ ಚಟದ ಜೊತೆಜೊತೆಗೇ ಕಾಣಿಸ್ಕೊಳ್ತವೆ, ಯಾವುದು ಮೊದ್ಲು ಬಂತು ಅಂತ ನಮಗೇ ಗೊತ್ತಾಗಲ್ಲ. ನೆಟ್ಟಲ್ಲಿ ಸಿಗೋ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ ಅವರ 20 ಪ್ರಶ್ನೆಗಳ ನೆಟ್ ಚಟದ ಟೆಸ್ಟ್ ಬೇಕಾದ್ರೆ ಮಾಡ್ನೋಡಿ, ಸ್ಕೋರ್ ಜಾಸ್ತಿ ಬಂದ ಮಾತ್ರಕ್ಕೆ ಕಾಯಿಲೆ ಅಂತಲ್ಲ, ಅದನ್ನ ಡಾಕ್ಟ್ರೇ ಹೇಳ್ಬೇಕು. ಬೆಂಗಳೂರಿನ ನಿಮ್ಹಾನ್ಸಲ್ಲಿ ಇದಕ್ಕೇ ಅಂತ 2014ರಿಂದ 'ಶಟ್' ಕ್ಲಿನಿಕ್ ಇದೆ. ಅಲ್ಲಿಗೆ ಹೋಗೋಕಾಗ್ದೇ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ರಾತ್ರಿನೂ ಇರ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು.