ಸೆಕ್ಯುರಿಟಿ ಏಜೆನ್ಸಿಯ ವರ್ಷಾಂತ್ಯದ ಸಮಾರಂಭ: ಹಳೆಯ ಸಾಹೇಬರನ್ನು ಸನ್ಮಾನಿಸುವ ಬಗೆ

ಮೊದಲು ದಿನಾಂಕ ಗೊತ್ತುಮಾಡಿ. ಡಿಸೆಂಬರ್ 31 ಬೇಡವೇ ಬೇಡ. ಊರೆಲ್ಲ ಕುಣಿಯುವ ರಾತ್ರಿ ನಮ್ಮವರು ಗೇಟಿನಲ್ಲಿ ನಿಂತಿರುತ್ತಾರೆ. ಬ್ರಿಗೇಡ್ ರಸ್ತೆ, ಕೋರಮಂಗಲ, ಇಂದಿರಾನಗರದ ಕಡೆಯಿಂದ ಹೆಚ್ಚುವರಿ ಜನ ಬೇಕೆಂದು ಫೋನ್ ಬರುವುದೇ ಆಗ. ಕ್ರಿಸ್‌ಮಸ್ಸಿನ ಹಿಂದುಮುಂದಿನ ದಿನಗಳೂ ಮಾಲ್‌ಗಳಿಗೆ ಮೀಸಲು. 16ರಂದು ವಿಜಯ ದಿವಸ. 1971ರ ಯುದ್ಧವನ್ನು ನೆನೆಯುವ ಆ ದಿನ ನಿಮ್ಮ ನಿವೃತ್ತ ಸೇನಾಧಿಕಾರಿಗಳಿಗೆ ಅವರದೇ ಬಳಗದ ಕರೆ ಇರುತ್ತದೆ. ತಿಂಗಳ ಮೊದಲ ವಾರ ಹಾಜರಿ, ಬಿಲ್ಲು, ಸಂಬಳದ ಪಾಲು. ಹೀಗೆ ಕಳೆಯುತ್ತ ಬಂದರೆ ನಡುವಿನ ಒಂದು ಭಾನುವಾರ ಸಿಗುತ್ತದೆ. ಅಂದು ಕಚೇರಿಗಳಿಗೂ ಕಾರ್ಖಾನೆಗಳಿಗೂ ರಜೆ, ಆ ಪಾಯಿಂಟ್‌ಗಳಲ್ಲಿ, ಅಂದರೆ ಕಾವಲಿನ ಜಾಗಗಳಲ್ಲಿ, ಜನ ಕಡಿಮೆ ಸಾಕು.

ಬೆಂಗಳೂರಿನ ಮಧ್ಯಮ ಗಾತ್ರದ ಏಜೆನ್ಸಿಯೊಂದರಲ್ಲಿ ಡ್ಯೂಟಿ ಚಾರ್ಟ್ ಬರೆಯುವವಳು ನಾನು. ಆದ್ದರಿಂದ ಹೂವಿನ ಅಲಂಕಾರಕ್ಕಿಂತ ಮೊದಲು ನನಗೆ ಕಾಣುವುದು ಪಾಳಿ. ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಪಾಳಿ ಬದಲು. ಬೆಳಗ್ಗೆ ಹತ್ತಕ್ಕೆ ಸಮಾರಂಭ ಇಟ್ಟರೆ ರಾತ್ರಿಯಿಡೀ ಎಚ್ಚರವಿದ್ದವರು ಕುರ್ಚಿಯಲ್ಲೇ ತೂಕಡಿಸುತ್ತಾರೆ. ಮಾಲೀಕರು ಅದನ್ನು ಶಿಸ್ತಿನ ಕೊರತೆ ಎನ್ನುತ್ತಾರೆ. ಸಂಜೆ ನಾಲ್ಕಕ್ಕೆ ಶುರುಮಾಡಿ ಆರೂವರೆಗೆ ಮುಗಿಸಿ. ಅಷ್ಟರಲ್ಲಿ ರಾತ್ರಿ ಪಾಳಿಯವರು ಮಲಗಿ ಎದ್ದಿರುತ್ತಾರೆ, ಇಲ್ಲಿಂದ ನೇರವಾಗಿ ಡ್ಯೂಟಿಗೂ ಹೋಗಬಹುದು. ಹಗಲಿನವರಲ್ಲಿ ಯಾರು ಬರಬೇಕೆಂದು ಫೀಲ್ಡ್ ಆಫೀಸರ್ (ಗಾರ್ಡ್‌ಗಳ ಮೇಲ್ವಿಚಾರಕ) ತನಗೆ ಬೇಕಾದವರನ್ನು ಆರಿಸುವಂತಾಗಬಾರದು. ಸನ್ಮಾನಿತರ ಕೈಕೆಳಗೆ ದುಡಿದವರಿಗೆ ಮೊದಲ ಅವಕಾಶ ಕೊಟ್ಟು, ಅವರ ಜಾಗಕ್ಕೆ ರಿಲೀವರ್‌ಗಳನ್ನು ವಾರ ಮುಂಚೆಯೇ ಹೆಸರಿಸಿ ಇಡಿ.

ಇನ್ನು ಯಾರನ್ನು ಸನ್ಮಾನಿಸಬೇಕು ಎಂಬ ಪ್ರಶ್ನೆ. ಆಡಳಿತ ಮಂಡಳಿ ಕೊಡುವ ಪಟ್ಟಿಯಲ್ಲಿ ಕರ್ನಲ್ ಸಾಹೇಬರು, ಹಳೆಯ ನಿರ್ದೇಶಕರು, ನಿವೃತ್ತ ಪೊಲೀಸ್ ಅಧಿಕಾರಿ ಇರುತ್ತಾರೆ. ಇರಲಿ, ಬೇಡವೆನ್ನುವುದಿಲ್ಲ. ಆದರೆ ಗಾರ್ಡ್‌ಗಳ ಮಟ್ಟಿಗೆ ನಾಯಕನೆಂದರೆ ರಾತ್ರಿ ಎರಡು ಗಂಟೆಗೆ ರೌಂಡಿಗೆ ಬರುತ್ತಿದ್ದ ಫೀಲ್ಡ್ ಆಫೀಸರ್, ಕವಾಯತು ಕಲಿಸಿದ ಹವಾಲ್ದಾರ್. ಅಂಥ ಇಬ್ಬರಾದರೂ ಪಟ್ಟಿಯಲ್ಲಿ ಇರಬೇಕು. ಒಟ್ಟು ಐದು ಜನ ದಾಟಬಾರದು. ಆರನೆಯವರ ಹೊತ್ತಿಗೆ ಸಭೆ ಊಟದ ಕಡೆ ತಿರುಗಿರುತ್ತದೆ. ತೀರಿಕೊಂಡವರಿದ್ದರೆ ಅವರ ಪತ್ನಿಯನ್ನೋ ಮಕ್ಕಳನ್ನೋ ಎಲ್ಲರಿಗಿಂತ ಮೊದಲು ವೇದಿಕೆಗೆ ಕರೆಯಿರಿ. ‘ದಿವಂಗತರ ಕುಟುಂಬದವರು’ ಎಂದು ಒಟ್ಟಾಗಿ ಕರೆಯದೆ, ಬಂದವರ ಹೆಸರು ಹಿಡಿದೇ ಕರೆಯಿರಿ.

ಸನ್ಮಾನದ ತಿರುಳು ಶಾಲಿನಲ್ಲಿಲ್ಲ, ಏನು ಹೇಳುತ್ತೀರಿ ಎಂಬುದರಲ್ಲಿದೆ. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಎಂಬ ಸಾಲು ಯಾರಿಗೆ ಹೊಂದುವುದಿಲ್ಲ ಹೇಳಿ? ಅದನ್ನು ಬರೆದುಕೊಂಡು ಬರುವ ನಿರೂಪಕರನ್ನು ನಾನು ಬಾಗಿಲಲ್ಲೇ ತಡೆಯುತ್ತೇನೆ. ಪಾಳಿಯಲ್ಲಿ ನಡೆದದ್ದನ್ನು ಬರೆದಿಡುವ ಹಳೆಯ ಅಕರೆನ್ಸ್ ರಿಜಿಸ್ಟರ್‌ಗಳನ್ನು ಗೋದಾಮಿನಿಂದ ತೆಗೆಸಿ. ನಮ್ಮಲ್ಲಿ ಪೀಣ್ಯದ ಕಾರ್ಖಾನೆಯೊಂದರ ರಿಜಿಸ್ಟರ್ ಇದೆ. ರಟ್ಟು ಕಿತ್ತಿದೆ, ಅಂಚನ್ನು ಜಿರಲೆ ತಿಂದಿದೆ. ಗಾರ್ಡ್‌ಗಳು ನೀಲಿ ಶಾಯಿಯಲ್ಲಿ ‘ಎಲ್ಲವೂ ಸರಿ’ ಎಂದು ಸಾಲುಸಾಲಾಗಿ ಬರೆದ ಪುಟದ ನಡುವೆ ಫೀಲ್ಡ್ ಆಫೀಸರ್ ಕೆಂಪು ಶಾಯಿಯಲ್ಲಿ ಹೀಗೆ ಬರೆದಿದ್ದಾರೆ: ‘ಹಿಂದಿನ ಗೇಟಿನ ದೀಪ ಇಂದೂ ಉರಿಯುತ್ತಿಲ್ಲ. ಗಾರ್ಡಿಗೆ ನನ್ನ ಟಾರ್ಚ್ ಕೊಟ್ಟಿದ್ದೇನೆ.’ ಕೆಳಗೆ ಸಮಯ, ಸಹಿ. ಆ ಎರಡು ಸಾಲು ಓದಿದರೆ ಸಾಕು, ಮನುಷ್ಯ ಎಂಥವರೆಂದು ಹೊಸ ಹುಡುಗರಿಗೂ ತಿಳಿಯುತ್ತದೆ. ಪುಟದ ಫೋಟೋ ತೆಗೆದು ದೊಡ್ಡದಾಗಿ ಮುದ್ರಿಸಿ, ಅದನ್ನೇ ಚೌಕಟ್ಟು ಹಾಕಿಸಿ ಸ್ಮರಣಿಕೆಯಾಗಿ ಕೊಡಿ. ಗಾಜಿನ ಗೋಪುರಗಳು ಅವರ ಶೋಕೇಸಿನಲ್ಲಿ ಈಗಾಗಲೇ ಸಾಕಷ್ಟಿವೆ.

ಕವಾಯತು ಕಲಿಸಿದವರ ಬಗ್ಗೆ ಮಾತನಾಡುವಾಗ ಕಾಲದ ವ್ಯತ್ಯಾಸವನ್ನೂ ಹೇಳಿ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ ಬಂದದ್ದು 2005ರಲ್ಲಿ. ಆ ಮೇಲೆ ಕೇಂದ್ರ ರೂಪಿಸಿದ ಮಾದರಿ ನಿಯಮಗಳಲ್ಲಿ ಹೊಸ ಗಾರ್ಡಿಗೆ 100 ಗಂಟೆ ತರಗತಿ, 60 ಗಂಟೆ ಮೈದಾನದ ತರಬೇತಿ ಎಂದಾಯಿತು. ಅದಕ್ಕೂ ಮೊದಲು ಅಗ್ನಿಶಾಮಕ ಸಿಲಿಂಡರ್ ಹಿಡಿಯುವುದನ್ನು ಯಾರಾದರೂ ಹೇಳಿಕೊಟ್ಟಿದ್ದರೆ ಅದು ಅವರ ಸ್ವಂತ ಕಾಳಜಿ.

ಇದನ್ನೆಲ್ಲ ಯಾರು ಹೇಳಬೇಕು? ಮಾಲೀಕರಲ್ಲ. ಸನ್ಮಾನಿತರ ಕೈಕೆಳಗಿದ್ದ ಒಬ್ಬ ಗಾರ್ಡ್, ಮೂರು ನಿಮಿಷ. ರಾಯಚೂರಿನವರಾಗಲಿ ಅಸ್ಸಾಮಿನವರಾಗಲಿ ತಮಗೆ ಬರುವ ಭಾಷೆಯಲ್ಲಿ ಮಾತನಾಡಲಿ. ಒಂದೆರಡು ಸಾಲನ್ನು ಇನ್ನೊಬ್ಬರು ಕನ್ನಡದಲ್ಲಿ ಹೇಳಿದರಾಯಿತು. ಹಿಂದಿನ ದಿನ ಕೂರಿಸಿಕೊಂಡು ಕೇಳಿ, ಆದರೆ ಬರೆದುಕೊಡಬೇಡಿ. ಚೀಟಿ ನೋಡಿ ಓದುವಾಗ ಮಾತಿನ ಜೀವ ಹೋಗುತ್ತದೆ.

ಹೆಸರು, ಹುದ್ದೆಗಳಲ್ಲಿ ಎಚ್ಚರ ಬೇಕು. ನಿವೃತ್ತ ಸೇನಾಧಿಕಾರಿಯ ಹುದ್ದೆ ಹೆಸರಿನ ಮುಂದೆ, ‘ನಿವೃತ್ತ’ ಎಂಬುದು ಆವರಣದಲ್ಲಿ ಹೆಸರಿನ ನಂತರ. ಸುಬೇದಾರ್ ಆಗಿದ್ದವರಿಗೆ ಗೌರವ ಕ್ಯಾಪ್ಟನ್ ಪದವಿ ಸಿಕ್ಕಿದ್ದರೆ ಆಹ್ವಾನ ಪತ್ರಿಕೆಯಲ್ಲಿ ಅದು ಇರಲೇಬೇಕು. ಅಚ್ಚಿಗೆ ಕೊಡುವ ಮೊದಲು ಅವರ ಮನೆಗೇ ಫೋನ್ ಮಾಡಿ ಓದಿ ಹೇಳಿ. ಸ್ಮರಣಿಕೆಯ ಮೇಲೆ ಅಶೋಕ ಸಿಂಹದ ಲಾಂಛನ ಬೇಡ: ಚೆಂದ ಕಾಣುತ್ತದೆಂದು ಅಂಗಡಿಯವರು ಒತ್ತಾಯಿಸುತ್ತಾರೆ, ಆದರೆ ರಾಷ್ಟ್ರಲಾಂಛನದ ದುರ್ಬಳಕೆ ತಡೆಯುವ ಕಾಯ್ದೆಯೂ 2005ರದ್ದೇ. ಗೌರವ ವಂದನೆಗೆ ನಿಲ್ಲುವ ಹುಡುಗರ ಸಮವಸ್ತ್ರ ಸೇನೆಯದೋ ಪೊಲೀಸರದೋ ಎನ್ನುವಂತಿದ್ದರೆ ಗಾರ್ಡಿಗೂ ಮಾಲೀಕರಿಗೂ ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ. ಬ್ಯಾಂಕ್ ಡ್ಯೂಟಿಯ ಗನ್‌ಮ್ಯಾನ್‌ಗಳು ಬಂದೂಕು ತರುವಂತೆಯೇ ಇಲ್ಲ.

ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವನ್ನೂ ಒಬ್ಬರ ಮೇಲೆ ಹೇರಿದರೆ ಎಪ್ಪತ್ತೈದು ದಾಟಿದವರು ಫೋಟೋದಲ್ಲಿ ಕಾಣಿಸುವುದೇ ಇಲ್ಲ. ಪೇಟ ಮತ್ತು ಶಾಲು ಸಾಕು. ತಲೆಯ ಅಳತೆಯನ್ನು ಮೊದಲೇ ಕೇಳಿ. ಕಿವಿಯವರೆಗೆ ಜಾರಿದ ಪೇಟ ಗೌರವವಲ್ಲ. ವೇದಿಕೆಗೆ ಮೆಟ್ಟಿಲಿದ್ದರೆ, ಮಂಡಿ ನೋವಿನವರು ಕುಳಿತಲ್ಲಿಗೇ ಹೋಗಿ ಸನ್ಮಾನಿಸಿ. ಕುರ್ಚಿಗೆ ಕೈಯಿರಲಿ, ಸೋಫಾ ಬೇಡ, ಅದರಿಂದ ಏಳಲು ಇಬ್ಬರು ಬೇಕಾಗುತ್ತದೆ. ಸಕ್ಕರೆಯಿಲ್ಲದ ಚಹಾ ಬೇರೆ ಫ್ಲಾಸ್ಕಿನಲ್ಲಿ. ಕರೆತರಲು ಹೋದ ಕಾರಿನ ಚಾಲಕನೇ ವಾಪಸ್ ಬಿಡಬೇಕು; ‘ಕ್ಯಾಬ್ ಹಾಕಿಕೊಡುತ್ತೇವೆ ಸರ್’ ಎಂಬ ಮಾತು ಕಿವಿಗೆ ಬೀಳಬಾರದು.

ಗೌರವ ವಂದನೆ ಕೊನೆಯಲ್ಲಿರಲಿ. ಆಜ್ಞೆ ಕೊಡುವ ಅವಕಾಶವನ್ನು ಹಳೆಯ ಕವಾಯತು ಶಿಕ್ಷಕರಿಗೇ ಕೊಡಿ, ಅವರು ಒಪ್ಪಿದರೆ. ‘ಸಾವಧಾನ್’ ಎಂದಾಗ ಸಭಾಂಗಣದ ಹಿಂದಿನ ಸಾಲಿನಲ್ಲಿ ತಟ್ಟೆ ಹಿಡಿದವರೂ ಹಿಮ್ಮಡಿ ಕೂಡಿಸಿದ್ದನ್ನು ನಾನು ನೋಡಿದ್ದೇನೆ.

ಊಟದ ಪೊಟ್ಟಣಗಳು ಪಾಯಿಂಟ್‌ಗಳಿಗೆ ಹೋಗುವ ವ್ಯಾನು ಆರು ಗಂಟೆಗೇ ಹೊರಡಲಿ, ಸಭೆ ಮುಗಿಯುವವರೆಗೆ ಕಾಯುವುದು ಬೇಡ. ಚಪಾತಿ, ಬಿಸಿಬೇಳೆಬಾತ್, ಮೊಸರನ್ನ, ಒಂದು ಸಿಹಿ; ಇಲ್ಲಿ ಬಡಿಸಿದ್ದೇ ಅಲ್ಲಿಗೂ. ಮರುದಿನ ಎರಡು ಕೆಲಸ ಬಾಕಿ ಇರುತ್ತವೆ. ಫೋಟೋಗಳನ್ನು ವಾಟ್ಸ್‌ಆ್ಯಪ್‌ನಲ್ಲಷ್ಟೇ ಬಿಡದೆ ಮುದ್ರಿಸಿ ಸನ್ಮಾನಿತರ ಮನೆಗೆ ಕಳುಹಿಸಿ. ರಿಲೀವರ್‌ಗಳ ಹೆಚ್ಚುವರಿ ಡ್ಯೂಟಿಯನ್ನು ಆ ತಿಂಗಳ ಸಂಬಳದ ಪಟ್ಟಿಯಲ್ಲೇ ದುಪ್ಪಟ್ಟು ದರದಲ್ಲಿ ಸೇರಿಸಿ, ‘ಸಮಾರಂಭದ ಸೇವೆ’ ಎಂದು ಯಾರಾದರೂ ಹೊಡೆದುಹಾಕುವ ಮೊದಲೇ ಸಹಿ ಹಾಕಿಸಿಕೊಳ್ಳಿ.