ಮನೆಗೆ ಕೀಟನಾಶಕ ಹೊಡೆಸುವಾಗ ಸಾಕುಪ್ರಾಣಿಗಳನ್ನು ಕಾಪಾಡುವುದು ಹೇಗೆ?

ಜಿರಲೆ, ತಿಗಣೆ, ಗೆದ್ದಲಿನ ಕಾಟ ತಾಳಲಾರದೆ ಮನೆಗೆ ಔಷಧಿ ಹೊಡೆಸುತ್ತೇವೆ. ಹೊಡೆಯುವಷ್ಟು ಹೊತ್ತು ನಾಯಿಯನ್ನು ಹೊರಗೆ ಕಟ್ಟಿ, ಬೆಕ್ಕನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ, ಕೆಲಸದವರು ಹೊರಟ ಕೂಡಲೇ ಬಿಟ್ಟುಬಿಡುತ್ತೇವೆ. ಅನಾಹುತಕ್ಕೆ ದಾರಿ ಮಾಡಿಕೊಡುವುದು ಆ ಅವಸರವೇ. ಗೋಡೆಯ ಬುಡಕ್ಕೆ ಹೊಡೆದ ದ್ರಾವಣ ಇನ್ನೂ ಆರಿರುವುದಿಲ್ಲ. ಬೆಕ್ಕು ಅದನ್ನು ತುಳಿದುಕೊಂಡೇ ಹೋಗಿ ಕಿಟಕಿಯಲ್ಲಿ ಕೂರುತ್ತದೆ. ಮುಂಗಾಲೆತ್ತಿ, ಬೆರಳುಗಳನ್ನು ಅಗಲಿಸಿ, ಒಂದೊಂದು ಸಂದಿಯನ್ನೂ ನೆಕ್ಕಿಕೊಳ್ಳುತ್ತದೆ. ನೆಲದ ಮೇಲಿನ ವಿಷ ಹೊಟ್ಟೆ ಸೇರಲು ಅಷ್ಟು ಸಾಕು.

ಕರೆಸುವ ಮೊದಲೇ ಕೇಳಬೇಕಾದದ್ದು

‘ಮನೆಯಲ್ಲಿ ಸಾಕುಪ್ರಾಣಿ ಇದೆ’ ಎಂದಷ್ಟೇ ಹೇಳಿದರೆ ಸಾಲದು. ಯಾವ ಪ್ರಾಣಿ, ಮರಿಯೇ, ಮುದಿಯೇ, ಗಬ್ಬವಾಗಿದೆಯೇ, ಎಲ್ಲವನ್ನೂ ಬಿಡಿಸಿ ಹೇಳಿ. ಒಂದು ಪ್ರಾಣಿ ತಡೆದುಕೊಳ್ಳುವುದು ಇನ್ನೊಂದರ ಜೀವ ತೆಗೆಯಬಹುದು. ಸ್ಪ್ರೇಗಳಲ್ಲಿ ಹೆಚ್ಚು ಬಳಕೆಯಾಗುವ ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಅದರಲ್ಲೂ ಪರ್ಮೆಥ್ರಿನ್ ಬೆಕ್ಕಿನ ಪಾಲಿಗೆ ದೊಡ್ಡ ಶತ್ರು. ಮೀನುಗಳಿಗೂ ಈ ಗುಂಪು ವಿಪರೀತ ವಿಷ. ಜಿರಲೆ ಮತ್ತು ಗೆದ್ದಲಿಗೆ ಬಳಸುವ ಫಿಪ್ರೊನಿಲ್ ಮೊಲಗಳಿಗೆ ಆಗಿಬರುವುದಿಲ್ಲ.

ಹಾಗಾಗಿ ಯಾವ ರಾಸಾಯನಿಕ ತರುತ್ತೀರಿ ಎಂದು ಹೆಸರು ಕೇಳಿ, ಡಬ್ಬಿಯ ಲೇಬಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ‘ವಾಸನೆಯೇ ಇರಲ್ಲ, ಏನೂ ಆಗಲ್ಲ’ ಎಂಬ ಉತ್ತರಕ್ಕೆ ಸಮಾಧಾನಪಡಬೇಡಿ. ವಾಸನೆಗೂ ವಿಷಕ್ಕೂ ಸಂಬಂಧವಿಲ್ಲ. ‘ಹರ್ಬಲ್’ ಎಂದರೂ ಅಷ್ಟೇ. ಲವಂಗದ ಎಣ್ಣೆ, ಟೀ ಟ್ರೀ ಎಣ್ಣೆಯಂಥವೂ ಬೆಕ್ಕಿಗೆ ಅಪಾಯಕಾರಿ.

ಬರೀ ಜಿರಲೆಯ ತೊಂದರೆಯಾದರೆ ಸ್ಪ್ರೇ ಬದಲು ಜೆಲ್ ಸಾಕೇ ಎಂದು ಕೇಳಿ. ಕಪಾಟಿನ ಹಿಂಜಿನ ಹಿಂದೆ, ಫ್ರಿಜ್ಜಿನ ಮೋಟಾರಿನ ಪಕ್ಕ, ಪ್ರಾಣಿಗಳ ಮೂತಿ ತಲುಪದ ಸಂದಿಗಳಲ್ಲಿ ಸಾಸಿವೆ ಕಾಳಿನಷ್ಟು ಇಟ್ಟರೆ ಕೆಲಸ ಮುಗಿಯಿತು. ಸಾಕುಪ್ರಾಣಿ ಇರುವ ಮನೆಗೆ ನಾನಂತೂ ಮೊದಲು ಇದನ್ನೇ ಹೇಳುತ್ತೇನೆ.

ಆ ದಿನದ ತಯಾರಿ

ಊಟದ ತಟ್ಟೆ, ನೀರಿನ ಬಟ್ಟಲು, ಆಟಿಕೆ, ಹಾಸಿಗೆ, ಬೆಕ್ಕಿನ ಮಣ್ಣಿನ ತಟ್ಟೆ ಎಲ್ಲವನ್ನೂ ಹೊರಗೆ ಸಾಗಿಸಿ. ಎತ್ತಲಾಗದ್ದನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ. ನಾಯಿ, ಬೆಕ್ಕುಗಳನ್ನು ಬೇರೆ ಮನೆಯಲ್ಲಿ ಬಿಡುವುದೇ ಒಳ್ಳೆಯದು. ಬೆಕ್ಕನ್ನು ಕೆಲಸದವರು ಬರುವ ಮೊದಲೇ ಬುಟ್ಟಿಗೆ ಹಾಕಿ. ಅಪರಿಚಿತರನ್ನು ಕಂಡು ಮಂಚದಡಿ ಸೇರಿಕೊಂಡರೆ ಹೊರಗೆ ತರುವುದು ಕಷ್ಟ.

ಪಕ್ಷಿಗಳಿದ್ದರೆ ಪಂಜರವನ್ನು ಪಕ್ಕದ ಕೋಣೆಗೆ ಸರಿಸುವುದು ಸಾಲದು, ಮನೆಯಿಂದಲೇ ಆಚೆ ಕಳಿಸಬೇಕು. ಅವುಗಳ ಶ್ವಾಸಕೋಶಕ್ಕೆ ಗಾಳಿಚೀಲಗಳ ಜೋಡಣೆಯಿದೆ. ಉಸಿರಿನಿಂದ ಆಮ್ಲಜನಕವನ್ನು ನಮಗಿಂತ ಚೆನ್ನಾಗಿ ಹೀರಿಕೊಳ್ಳುವ ಆ ವ್ಯವಸ್ಥೆ ವಿಷದ ಆವಿಯನ್ನೂ ಅಷ್ಟೇ ಚೆನ್ನಾಗಿ ಹೀರಿಕೊಳ್ಳುತ್ತದೆ. ಅವನ್ನು ಕರೆತರುವುದು ಎಲ್ಲಕ್ಕಿಂತ ಕೊನೆಗಿರಲಿ.

ಅಕ್ವೇರಿಯಂ ವಿಷಯದಲ್ಲಿ ಹಲವರು ಎಡವುತ್ತಾರೆ. ತೊಟ್ಟಿಯ ಬಾಯಿಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ ಏರ್ ಪಂಪ್ ಓಡಲು ಬಿಟ್ಟಿರುತ್ತಾರೆ. ಏರ್ ಪಂಪ್ ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಊದುತ್ತದೆ. ಗಾಳಿಯಲ್ಲಿರುವ ಔಷಧಿಯೂ ಅದರ ಜೊತೆಗೇ ಒಳಹೋಗುತ್ತದೆ. ಪಂಪ್ ನಿಲ್ಲಿಸಿ, ಆಮೇಲೆ ಮುಚ್ಚಿ. ಆದರೆ ಮೀನು ಹೆಚ್ಚಿರುವ ತೊಟ್ಟಿಯಲ್ಲಿ ಆಮ್ಲಜನಕ ಬೇಗ ಕುಸಿಯುವುದರಿಂದ ಗಂಟೆಗಟ್ಟಲೆ ಹಾಗೇ ಬಿಡುವಂತಿಲ್ಲ. ಗಾಳಿ ಎಳೆಯದೆ ನೀರನ್ನಷ್ಟೇ ಸುತ್ತಿಸುವ ಫಿಲ್ಟರ್ ಇದ್ದರೆ ಅದು ಓಡುತ್ತಿರಲಿ. ತೊಟ್ಟಿಯಿರುವ ಕೋಣೆಗೆ ಔಷಧಿಯೇ ಬೇಡವೆಂದು ಬಾಗಿಲು ಮುಚ್ಚಿಡುವುದು ಇನ್ನೂ ಉತ್ತಮ. ಹೊಗೆಯಂತೆ ಹರಡುವ ಫಾಗಿಂಗ್ ಆದರೆ ಮೀನುಗಳನ್ನು ಸ್ಥಳಾಂತರಿಸಲೇಬೇಕು.

ಮರಳಿ ಕರೆತರುವುದು ಯಾವಾಗ?

ಲೇಬಲ್ಲಿನಲ್ಲಿ ಬರೆದಷ್ಟು ಹೊತ್ತು ಕಳೆದಿರಬೇಕು, ಹೊಡೆದ ಜಾಗ ಪೂರ್ತಿ ಒಣಗಿರಬೇಕು. ಎರಡರಲ್ಲಿ ಯಾವುದು ತಡವೋ ಅದನ್ನು ಅನುಸರಿಸಿ. ಮೋಡ ಮುಸುಕಿದ ದಿನ ಒಣಗುವುದು ನಿಧಾನ. ಕಿಟಕಿ, ಬಾಗಿಲು ತೆರೆದು ಫ್ಯಾನ್ ಹಾಕಿ. ಸೋಫಾದ ಅಡಿ, ಬೀರುವಿನ ಹಿಂದೆ ಟಾರ್ಚ್ ಬಿಟ್ಟು ನೋಡಿ, ತೇವ ಹೆಚ್ಚು ಹೊತ್ತು ಉಳಿಯುವುದು ಅಲ್ಲೇ. ಪ್ರಾಣಿ ಮಲಗುವ, ಉಣ್ಣುವ ಜಾಗವನ್ನು ಸೋಪಿನ ನೀರಿನಲ್ಲಿ ಒರೆಸಿ; ಗೋಡೆಯಂಚಿನ ಔಷಧಿಯನ್ನು ಮಾತ್ರ ಒರೆಸಬೇಡಿ, ಹೊಡೆಸಿದ್ದೇ ವ್ಯರ್ಥವಾದೀತು. ಗೆದ್ದಲಿಗೆಂದು ಕೊರೆದ ರಂಧ್ರಗಳನ್ನು ಸಿಮೆಂಟಿನಿಂದ ಮುಚ್ಚಿ, ಅದು ಗಟ್ಟಿಯಾಗುವವರೆಗೆ ನಾಯಿಯನ್ನು ಅತ್ತ ಬಿಡಬೇಡಿ.

ಚಿಗಟಕ್ಕೆ ಔಷಧಿ ಹೊಡೆಸಿದ್ದರೆ ಇನ್ನೊಂದು ಎಚ್ಚರ: ನಾಯಿಯ ಬೆನ್ನಿಗೆ ಹಚ್ಚುವ ಹನಿಯನ್ನು ಬೆಕ್ಕಿಗೆ ಹಚ್ಚಲೇಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ, ಹಚ್ಚಿಸಿಕೊಂಡ ನಾಯಿಯ ಮಗ್ಗುಲಲ್ಲಿ ಬೆಕ್ಕು ಮಲಗುವುದೂ ಅಪಾಯ.

ಇಲಿ ಪಾಷಾಣ ಬೇರೆಯದೇ ಸಂಗತಿ

ಸ್ಪ್ರೇ ಒಣಗುತ್ತದೆ, ಇಲಿ ಪಾಷಾಣ ತಿನ್ನುವವರಿಗಾಗಿ ಕಾದಿರುತ್ತದೆ. ಇಲಿಯನ್ನು ಸೆಳೆಯಲು ಸೇರಿಸಿದ ರುಚಿ ನಾಯಿಯನ್ನೂ ಸೆಳೆಯುತ್ತದೆ. ವಿಷ ತಿಂದು ತೂರಾಡುವ ಇಲಿಯನ್ನು ಹಿಡಿದು ತಿಂದ ಬೆಕ್ಕಿಗೂ ವಿಷವೇರಬಹುದು. ಬಲೆ, ಬೋನು, ಬಿಲ ಮುಚ್ಚುವುದರಿಂದ ಆಗುವ ಕೆಲಸಕ್ಕೆ ಪಾಷಾಣ ತರಬೇಡಿ ಎಂಬುದು ನನ್ನ ಕಳಕಳಿಯ ಮಾತು. ಅನಿವಾರ್ಯವಾದರೆ ಬೀಗ ಹಾಕುವ ಪೆಟ್ಟಿಗೆಯಲ್ಲೇ ಇಡಿಸಿ, ತುಂಡುಗಳನ್ನು ಎಣಿಸಿಟ್ಟುಕೊಳ್ಳಿ.

ಬ್ರೊಮಾಡಿಯೊಲೋನ್‌ನಂಥ ಪಾಷಾಣ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಮೋಸವೆಂದರೆ ತಿಂದ ದಿನ ನಾಯಿ ಚುರುಕಾಗೇ ಇರುತ್ತದೆ. ಸಾಮಾನ್ಯವಾಗಿ 3ರಿಂದ 5 ದಿನಗಳ ನಂತರ ಒಸಡು ಬಿಳಿಚುತ್ತದೆ, ಸುಸ್ತು, ಏದುಸಿರು, ರಕ್ತಸ್ರಾವ ಕಾಣಿಸಿಕೊಳ್ಳುತ್ತದೆ. ಜಿಂಕ್ ಫಾಸ್ಫೈಡ್ ಎಂಬ ಇನ್ನೊಂದು ಪಾಷಾಣ ಹಾಗಲ್ಲ. ಹೊಟ್ಟೆಯ ಆಮ್ಲಕ್ಕೆ ತಗುಲಿದ ಕೂಡಲೇ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಹೀಗಾಗಿ ಹಾಲು, ಅನ್ನ ಏನನ್ನೂ ತಿನ್ನಿಸಬಾರದು. ಆಹಾರ ಬಿದ್ದರೆ ಆಮ್ಲ ಹೆಚ್ಚುತ್ತದೆ. ಇದನ್ನು ತಿಂದ ಪ್ರಾಣಿ ವಾಂತಿ ಮಾಡಿದರೆ ಅದರ ಗಾಳಿ ಮನುಷ್ಯರಿಗೂ ಅಪಾಯ, ಕಾರಿನಲ್ಲಿ ಕರೆದೊಯ್ಯುವಾಗ ಗಾಜು ಇಳಿಸಿರಿ.

ತೊಂದರೆ ಕಂಡರೆ

ಜೊಲ್ಲು ಸುರಿಯುವುದು, ಕಿವಿ ಮತ್ತು ಮೈ ಅದುರುವುದು, ತೂರಾಟ, ವಾಂತಿ, ಸೆಳೆತ: ಇವುಗಳಲ್ಲಿ ಯಾವುದು ಕಂಡರೂ ಕಾದು ನೋಡಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ. ಮೈಗೆ ಔಷಧಿ ತಗುಲಿದ್ದು, ಪ್ರಾಣಿಗೆ ಎಚ್ಚರವಿದ್ದರೆ, ಕೈಗವಸು ಹಾಕಿಕೊಂಡು ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿ ಬೇಡ, ಉಪ್ಪೇ ವಿಷವಾಗಬಹುದು. ಲೇಬಲ್ಲಿನ ಫೋಟೊ ಈಗ ಕೆಲಸಕ್ಕೆ ಬರುತ್ತದೆ. ರಾಸಾಯನಿಕದ ಹೆಸರು ಗೊತ್ತಾದರೆ ವೈದ್ಯರು ಚಿಕಿತ್ಸೆಯ ದಾರಿ ಬೇಗ ಹಿಡಿಯುತ್ತಾರೆ.

ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣಕ್ಕೆ ವಿಟಮಿನ್ ಕೆ1 ಮದ್ದಿದೆ. ಆದರೆ ಅದನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ. ನಾಯಿ ಲವಲವಿಕೆಯಿಂದ ಓಡಾಡತೊಡಗಿತೆಂದು ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ. ಕೊನೆಯ ಮಾತ್ರೆ ಕೊಟ್ಟ 2–3 ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಸಾಕೆಂದ ಮೇಲೆಯೇ ಚಿಕಿತ್ಸೆ ಮುಗಿಯಿತೆಂದುಕೊಳ್ಳಿ.