ಹಳೆಯ ಸಹೋದ್ಯೋಗಿಗಳನ್ನು ಜೋಡಿಯಾಗಿ ಕೂರಿಸಿ ಮಾತು ರೆಕಾರ್ಡ್ ಮಾಡುವುದು: ನಾನು ಅನುಸರಿಸುವ ಕ್ರಮ

ಒಂದೇ ಕಡೆ ಇಪ್ಪತ್ತು ಮೂವತ್ತು ವರ್ಷ ದುಡಿದ ಇಬ್ಬರನ್ನು ಕೂರಿಸಿ "ನಿಮ್ಮ ನೆನಪುಗಳನ್ನು ಹೇಳಿ" ಎಂದರೆ ಸಿಗುವುದು ಬೀಳ್ಕೊಡುಗೆ ಸಮಾರಂಭದ ಭಾಷಣ. ಎಲ್ಲರೂ ಒಳ್ಳೆಯವರು, ಎಲ್ಲರೂ ಒಂದೇ ಮನೆಯವರ ಹಾಗಿದ್ದರು, ಆ ಕಾಲವೇ ಬೇರೆ. ಹತ್ತು ನಿಮಿಷಕ್ಕೆ ಮಾತು ಮುಗಿಯುತ್ತದೆ. ಅದೇ ಇಬ್ಬರನ್ನು "ಬೆಳಗಿನ ಪಾಳಿಗೆ ಬಂದಾಗ ಮೊದಲು ಯಾವ ಸ್ವಿಚ್ ಹಾಕ್ತಿದ್ರಿ?" ಎಂದು ಕೇಳಿ ನೋಡಿ. ಯಾವ ಸ್ವಿಚ್, ಯಾರು ಹಾಕುತ್ತಿದ್ದರು ಎಂಬುದಕ್ಕೇ ತಕರಾರು ಶುರುವಾಗುತ್ತದೆ. ನನಗೆ ಬೇಕಾದದ್ದು ಆ ತಕರಾರು. ಕೆಲಸದ ಜಾಗದಲ್ಲಿ ಯಾರಿಗೆ ಎಷ್ಟು ಮರ್ಯಾದೆ ಇತ್ತು, ಯಾರ ಮಾತು ನಡೆಯುತ್ತಿತ್ತು ಎನ್ನುವುದು ಅದರೊಳಗೇ ಇರುತ್ತದೆ. ಮರ್ಯಾದೆಯ ಬಗ್ಗೆ ನೇರವಾಗಿ ಕೇಳಿದರೆ ಎಂದೂ ಸಿಗುವುದಿಲ್ಲ.

ನಿವೃತ್ತರಾದ ಫಿಟ್ಟರ್‌ಗಳು, ಗುಮಾಸ್ತರು, ಡ್ರೈವರ್‌ಗಳು, ನರ್ಸ್‌ಗಳು, ಯಾರಾದರೂ ಆಗಲಿ, ಕ್ರಮ ಬಹುಮಟ್ಟಿಗೆ ಒಂದೇ. ಮೊದಲು ಬೇರೆ ಬೇರೆಯಾಗಿ, ಆಮೇಲೆ ಜೊತೆಗೆ. ಇದನ್ನು ತಿರುಗಿಸಬಾರದು. ಗುಂಪಾಗಿ ನೆನಪಿಸಿಕೊಳ್ಳುವವರು, ಅಷ್ಟೇ ಜನ ಒಬ್ಬೊಬ್ಬರೇ ನೆನಪಿಸಿಕೊಂಡದ್ದನ್ನು ಒಟ್ಟು ಸೇರಿಸಿದ್ದಕ್ಕಿಂತ ಕಡಿಮೆ ನೆನಪಿಸಿಕೊಳ್ಳುತ್ತಾರೆ ಎಂದು ವೆಲ್ಡನ್ ಮತ್ತು ಬೆಲ್ಲಿಂಜರ್ ಎಂಬ ಮನೋವಿಜ್ಞಾನಿಗಳು 1997ರಲ್ಲೇ ಪ್ರಯೋಗದಲ್ಲಿ ತೋರಿಸಿದ್ದಾರೆ. ಒಬ್ಬರು ಮಾತಾಡುವ ಧಾಟಿ ಇನ್ನೊಬ್ಬರ ನೆನಪಿನ ಎಳೆಯನ್ನು ತುಂಡರಿಸುತ್ತದೆ. ಜೊತೆಗೆ ಇನ್ನೊಂದು ತೊಂದರೆ: ಮೊದಲು ಬಾಯಿಬಿಟ್ಟವರು ಹೇಳಿದ ವಿವರ ಎರಡನೆಯವರ ನೆನಪಿನೊಳಗೂ ಸೇರಿಕೊಂಡು, ಅವರು ತಾವೇ ಕಂಡದ್ದೆಂಬಂತೆ ಹೇಳತೊಡಗುತ್ತಾರೆ. ಹಾಗಾಗಿ ತಲಾ ನಲವತ್ತೈದು ನಿಮಿಷದಿಂದ ಒಂದು ಗಂಟೆ ಪ್ರತ್ಯೇಕವಾಗಿ ಮಾತಾಡಿಸಿ, ವಾರ ಬಿಟ್ಟು ಜೋಡಿಯಾಗಿ ಕೂರಿಸುತ್ತೇನೆ. ಎರಡೂ ಕಡೆ ಬಂದು ಒಂದಕ್ಕೊಂದು ಹೊಂದದ ಸಂಗತಿಗಳನ್ನು ಆ ವಾರದಲ್ಲಿ ಪಟ್ಟಿ ಮಾಡಿಕೊಂಡಿರುತ್ತೇನೆ. ಐದಾರು ಸಾಕು. ಅವನ್ನು ಪ್ರಶ್ನೆಯಾಗಿ ಎಸೆಯುವುದಿಲ್ಲ, ಮಾತು ಆ ಕಡೆ ಹರಿದಾಗ "ಅದು ಹೇಗೆ?" ಎಂದಷ್ಟೇ ಕೇಳುತ್ತೇನೆ. "ಅವರು ಹೀಗಂದ್ರು, ನೀವು ಹಾಗಂತೀರಿ" ಎಂದರೆ ಮುಗಿಯಿತು, ಅದು ಪಂಚಾಯ್ತಿ ಆಗುತ್ತದೆ.

ಪ್ರಶ್ನೆಗಳನ್ನು ಒಂದು ದಿನದ ಕೆಲಸದ ಸುತ್ತ ಕಟ್ಟುವುದು ಸುಲಭ. ಗೇಟಿನಿಂದ ಒಳಗೆ ಬಂದದ್ದು, ಹಾಜರಿ ಹಾಕಿದ್ದು, ಬಟ್ಟೆ ಬದಲಿಸಿದ್ದು, ಹಿಂದಿನ ಪಾಳಿಯವರಿಂದ ಕೆಲಸ ವಹಿಸಿಕೊಂಡದ್ದು, ಮೊದಲ ಒಂದು ಗಂಟೆ, ಬಿಡುವು, ಏನಾದರೂ ಕೆಟ್ಟಾಗ ಯಾರನ್ನು ಕರೆಯುತ್ತಿದ್ದದ್ದು, ಪಾಳಿ ಬಿಟ್ಟಾಗ ಕೈ ತೊಳೆದದ್ದು. ಕೈ ತೊಳೆಯುವುದನ್ನು ಕೇಳುವುದು ಮರೆಯಬೇಡಿ. ಸೋಪು ಯಾರಿಗೆ ಕೊಡುತ್ತಿದ್ದರು, ಯಾರು ಎಣ್ಣೆ ಜಿಡ್ಡಿಗೆ ಮರದ ಹೊಟ್ಟು ಉಜ್ಜಿಕೊಳ್ಳುತ್ತಿದ್ದರು, ಅಧಿಕಾರಿಗಳ ನಲ್ಲಿ ಬೇರೆ ಇತ್ತೇ: ಒಂದು ಪ್ರಶ್ನೆಗೆ ಇಡೀ ಶ್ರೇಣಿ ಹೊರಬರುತ್ತದೆ. "ಹೇಗಿತ್ತು?", "ಏನನ್ನಿಸಿತು?" ಎಂಬ ಪ್ರಶ್ನೆಗಳನ್ನು ಮೊದಲ ಅರ್ಧ ಗಂಟೆ ಪೂರ್ತಿ ಬಿಡುತ್ತೇನೆ. ಎಲ್ಲಿ, ಯಾರು, ಎಷ್ಟು, ಯಾವ ಕೈಯಲ್ಲಿ, ಇಷ್ಟೇ.

ಕೂರಿಸುವ ಜಾಗಕ್ಕೂ ಮಾತಿಗೂ ಸಂಬಂಧ ಇದೆ. ಇಬ್ಬರನ್ನು ಎದುರುಬದುರು ಕೂರಿಸಿದರೆ ವಾದದ ಭಂಗಿ ಬರುತ್ತದೆ, ಒಂದೇ ಸೋಫಾದಲ್ಲಿ ಕೂರಿಸಿದರೆ ಇಬ್ಬರೂ ನನ್ನ ಕಡೆಗೇ ಮಾತಾಡುತ್ತಾರೆ. ಮೇಜಿನ ಮೂಲೆಯ ಎರಡು ಬದಿಗೆ ಒಬ್ಬೊಬ್ಬರು, ನಡುವೆ ಒಂದು ಮೀಟರ್ ಅಂತರ. ನಾನು ಸ್ವಲ್ಪ ಹಿಂದೆ, ತಲೆ ತಿರುಗಿಸಿದರೆ ಮಾತ್ರ ಕಾಣುವ ಹಾಗೆ. ಮೇಜಿನ ಮೇಲೆ ಹಳೆಯ ಫೋಟೊ, ಗುರುತಿನ ಚೀಟಿ, ಕೆಲಸದ ಒಂದು ಸಾಮಾನು ಏನಾದರೂ ಇರಲಿ. ಫೋಟೊಗಿಂತ ಸಾಮಾನು ಮೇಲು. ಫೋಟೊ ತೋರಿಸಿದರೆ ಹೆಸರುಗಳು ಬರುತ್ತವೆ, ಸ್ಪ್ಯಾನರ್ ಕೈಗೆ ಕೊಟ್ಟರೆ ಕೆಲಸ ಬರುತ್ತದೆ.

ಇನ್ನು ಮೈಕ್. ಒಂದೇ ಫೋನನ್ನು ಮೇಜಿನ ನಡುವೆ ಇಟ್ಟು ರೆಕಾರ್ಡ್ ಮಾಡಿದ ಜೋಡಿ ಮಾತುಕತೆ ಕೇಳಲು ಚೆನ್ನಾಗಿದ್ದರೂ ಬರೆದುಕೊಳ್ಳಲು ಬರುವುದಿಲ್ಲ. ಪರಿಚಯದವರು ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ, ನಮಗೆ ಬೇಕಾದ ತಕರಾರು ಇರುವುದೂ ಅಲ್ಲೇ. ಆದ್ದರಿಂದ ಎರಡು ಕಾಲರ್ ಮೈಕ್, ಎರಡು ಚಾನೆಲ್ ಇರುವ ರೆಕಾರ್ಡರ್: ಒಬ್ಬರು ಎಡ ಚಾನೆಲ್, ಇನ್ನೊಬ್ಬರು ಬಲ. ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ, ಅಂದರೆ 15ರಿಂದ 20 ಸೆಂ.ಮೀ. ಎರಡು ಮೈಕ್‌ಗಳ ನಡುವಿನ ದೂರ, ಮೈಕಿಗೂ ಬಾಯಿಗೂ ಇರುವ ದೂರದ ಕನಿಷ್ಠ ಮೂರು ಪಟ್ಟು ಇದ್ದರೆ ಒಬ್ಬರ ದನಿ ಇನ್ನೊಬ್ಬರ ಚಾನೆಲ್ಲಿಗೆ ಹೆಚ್ಚು ನುಗ್ಗುವುದಿಲ್ಲ. ಒಂದು ಮೀಟರ್ ಅಂತರಕ್ಕೆ ಇದು ಧಾರಾಳ. ಕತ್ತಿನ ಸರ, ಶಾಲು, ಜೇಬಿನ ಪೆನ್ನು ಮೈಕಿಗೆ ಉಜ್ಜದಂತೆ ನೋಡಿಕೊಳ್ಳಬೇಕು.

ರೆಕಾರ್ಡರಿನ ಸೆಟ್ಟಿಂಗ್: ದನಿಯನ್ನು ಕುಗ್ಗಿಸದೆ ಉಳಿಸುವ ವ್ಯಾವ್ (WAV) ಫೈಲ್, 48 ಕಿಲೋಹರ್ಟ್ಜ್, 24 ಬಿಟ್. ಎರಡು ಚಾನೆಲ್ಲಿಗೆ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಸಾಮಾನ್ಯ ಮಾತು ರೆಕಾರ್ಡರಿನ ದನಿಮಟ್ಟದ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಆಡಬೇಕು (ಸೊನ್ನೆ ಅದರ ಮೇಲಿನ ತುದಿ). ಜೋಡಿ ಮಾತುಕತೆಯಲ್ಲಿ ಮಟ್ಟ ಹಾಳಾಗುವುದು ಮಾತಿನಿಂದಲ್ಲ, ನಗುವಿನಿಂದ. ಹಳೆಯ ಗೆಳೆಯರು ನಕ್ಕರೆ ಮೀಟರ್ ಮೇಲಿನ ತುದಿಗೆ ಹೊಡೆದು ದನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಸರಿಮಾಡಲಾಗದು. ಅದಕ್ಕೇ ಶುರುವಿನಲ್ಲಿ ಇಬ್ಬರನ್ನೂ ಏನಾದರೂ ಹೇಳಿ ನಗಿಸಿ, ಆ ನಗುವಿಗೆ ಮಟ್ಟ ಹೊಂದಿಸುತ್ತೇನೆ. ಫ್ರಿಜ್, ಫ್ಯಾನ್ ಬಂದ್. ಎಲ್ಲರ ಫೋನೂ ಏರ್‌ಪ್ಲೇನ್ ಮೋಡಿನಲ್ಲಿ. ಫ್ರಿಜ್ ಬಂದ್ ಮಾಡಿದರೆ ಅದರ ಪ್ಲಗ್ಗಿನ ಮೇಲೆ ನನ್ನ ಸ್ಕೂಟರ್ ಕೀ ಇಡುತ್ತೇನೆ, ಹೊರಡುವಾಗ ತಪ್ಪದೆ ನೆನಪಾಗಲಿ ಎಂದು. ಕೊನೆಗೆ ಯಾರೂ ಮಾತಾಡದೆ ಒಂದು ನಿಮಿಷ ಖಾಲಿ ಕೋಣೆಯ ಸದ್ದು ಹಿಡಿಯುವುದು ಒಳ್ಳೆಯದು, ಮುಂದೆ ಗುಂಯ್ ಸದ್ದು ತೆಗೆಯಲು ಅದು ಬೇಕಾಗುತ್ತದೆ.

ಮೈಕ್ ಕಂಡ ಕೂಡಲೇ "ಏನೋ" ಅನ್ನುತ್ತಿದ್ದವರು "ಏನ್ರೀ" ಆಗುತ್ತಾರೆ. ಮೂವತ್ತು ವರ್ಷ ಏಕವಚನದಲ್ಲಿ ಮಾತಾಡಿದವರು ಬಹುವಚನಕ್ಕೆ ಹತ್ತಿದರೆ ಮಾತು ಬಿಗಿಯಾಗಿದೆ ಎಂದೇ ಅರ್ಥ. "ನೀವು ಮಾಮೂಲಿಯಾಗೇ ಮಾತಾಡಿ" ಎಂದು ಹೇಳಿ ಪ್ರಯೋಜನವಿಲ್ಲ, ಇನ್ನಷ್ಟು ಬಿಗಿಯಾಗುತ್ತಾರೆ. ಇಬ್ಬರೂ ಕೈಯಾರೆ ಜೊತೆಗೆ ಮಾಡಿದ ಒಂದು ಕೆಲಸಕ್ಕೆ ಮಾತನ್ನು ಎಳೆಯಬೇಕು. ಭಾರದ ಮೋಟಾರ್ ಇಳಿಸಿದ್ದು, ವರ್ಷಾಂತ್ಯದ ಲೆಕ್ಕ ಹೊಂದಿಸಿದ್ದು, ಅಂಥದ್ದು. ಆಗ "ನೀನು ಆ ಕಡೆ ಹಿಡ್ಕೊಂಡಿದ್ದೆ" ಎಂದು ತಾನಾಗಿ ಏಕವಚನ ವಾಪಸ್ ಬರುತ್ತದೆ.

ಇದಕ್ಕಿಂತ ನಾಜೂಕು, ಹೆಲ್ಪರಾಗಿ ಸೇರಿದವರೇ ಮುಂದೆ ಇನ್ನೊಬ್ಬರಿಗೆ ಸೂಪರ್‌ವೈಸರ್ ಆಗಿದ್ದ ಜೋಡಿ. ಅಲ್ಲಿ ಒಬ್ಬರು "ಸಾರ್" ಅನ್ನುತ್ತಾರೆ, ಇನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆ, ಬಡ್ತಿಗೆ ಹಿಂದಿನ ದಿನಗಳ ಮಾತು ಬಂದಾಗ ಇಬ್ಬರೂ ಸಂಬೋಧನೆಯನ್ನೇ ಬಿಟ್ಟು ತೇಲಿಸಿ ಮಾತಾಡುತ್ತಾರೆ. ಇದನ್ನು ಬಿಡಿಸಲು ಹೋಗಬಾರದು. ಬರೆದುಕೊಳ್ಳುವಾಗಲೂ "ನೀನು" ಇದ್ದದ್ದನ್ನು "ನೀವು" ಮಾಡಬಾರದು, "ಮಾಡ್ತಿದ್ವಿ" ಇದ್ದದ್ದನ್ನು "ಮಾಡುತ್ತಿದ್ದೆವು" ಮಾಡಬಾರದು. ಗ್ರಾಂಥಿಕಕ್ಕೆ ತಿದ್ದಿದ ಕೂಡಲೇ ಯಾರು ಯಾರಿಗೆ ತಲೆಬಾಗಿದರು ಎನ್ನುವುದು ಅಳಿಸಿಹೋಗುತ್ತದೆ.

"ನಾವು" ಎಂಬ ಮಾತಿಗೆ ಕಿವಿ ತೆರೆದಿರಬೇಕು. ಕೆಲಸದ ಮಾತಿನಲ್ಲಿ ಅದು ದೊಡ್ಡ ಗೋಣಿಚೀಲ, ಯಾರನ್ನು ಬೇಕಾದರೂ ಒಳಗೆ ಹಾಕಿಕೊಳ್ಳುತ್ತದೆ. ಒಬ್ಬರೇ ಎದುರಿದ್ದಾಗ "ನಾವು ಅಂದ್ರೆ ಯಾರ್ಯಾರು?" ಎಂದು ನಾನೇ ಕೇಳಬೇಕಾಗುತ್ತದೆ. ಜೋಡಿಯಲ್ಲಿ ಆ ಕೆಲಸವನ್ನು ಇನ್ನೊಬ್ಬರೇ ಮಾಡುತ್ತಾರೆ:

"ಬೆಲ್ಟ್ ಜಾರಿದ್ರೆ ರಾಳದ ಪುಡಿ ಹಾಕ್ತಿದ್ವಿ."

"ಹಾಕ್ತಿದ್ವಿ ಅಂತೆ! ನಾನು ಹಾಕ್ತಿದ್ದೆ. ನೀನು ಟಾರ್ಚ್ ಹಿಡ್ಕೊಂಡು ನಿಂತಿರ್ತಿದ್ದೆ."

ಈ ಮಾದರಿಯ ಎರಡು ಸಾಲು ಬಿದ್ದರೆ ನಾನು ಬಾಯಿ ಹಾಕುವುದಿಲ್ಲ. ಮುಂದಿನ ಮೌನ ಐದಾರು ಸೆಕೆಂಡ್ ಇರುತ್ತದೆ, ಕೇಳುವವರಿಗೆ ಅದು ಒಂದು ನಿಮಿಷದಷ್ಟು ಅನ್ನಿಸುತ್ತದೆ. ಮೇಜಿನ ಕೆಳಗೆ ಬೆರಳು ಮಡಚಿ ಹತ್ತರವರೆಗೆ ಎಣಿಸುವುದು ಒಳ್ಳೆಯ ಉಪಾಯ. ಎಂಟಕ್ಕೆ ಬರುವ ಮೊದಲೇ ಯಾರಾದರೂ ಮಾತಾಡಿರುತ್ತಾರೆ.

ಕೈಯಲ್ಲಿ ತೋರಿಸಿದ್ದು ರೆಕಾರ್ಡಿನಲ್ಲಿ ಉಳಿಯುವುದಿಲ್ಲ. "ಇಷ್ಟು ದಪ್ಪ" ಎಂದರೆ ನಾನು "ಹೆಬ್ಬೆರಳಷ್ಟಾ?" ಎಂದು ಮಾತಿಗೆ ತರುತ್ತೇನೆ. ಬೇರಿಂಗ್ ಹೋಗಿದೆಯೋ ಇಲ್ಲವೋ ಎಂದು ನೋಡುವ ಹಳೆಯ ವಿಧಾನ ತೆಗೆದುಕೊಳ್ಳಿ: ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳುವುದು. ಹೇಳುವವರು ತಲೆ ವಾಲಿಸಿ, ಮುಷ್ಟಿಯನ್ನು ಕಿವಿಗೆ ಒತ್ತಿ "ಹೀಗೆ ಇಟ್ರೆ ಗೊತ್ತಾಗ್ತಿತ್ತು" ಎಂದು ಮುಗಿಸಿಬಿಡುತ್ತಾರೆ. ಅಲ್ಲಿ ಬಿಡಬಾರದು. ಹಿಡಿಯ ಯಾವ ಭಾಗ ಕಿವಿಗೆ? ಒಳ್ಳೆಯ ಬೇರಿಂಗಿನ ಸದ್ದು ಬಾಯಲ್ಲಿ ಮಾಡಿ ತೋರಿಸುತ್ತೀರಾ? ಹೋದದ್ದರದು? ಒಬ್ಬರು "ಸ್ಸ್" ಎಂದು ಸಣ್ಣಗೆ ಎಳೆದು, ಆಮೇಲೆ "ಗರ್‍ ಗರ್‍" ಎಂದರೆ ಇನ್ನೊಬ್ಬರು "ಅಲ್ಲ, ಮೊದಲು ಟಿಕ್ ಟಿಕ್ ಬರ್ತದೆ, ಗರ್‍ ಅನ್ನೋ ಹೊತ್ತಿಗೆ ತಡ ಆಗಿರ್ತದೆ" ಎಂದು ತಿದ್ದಬಹುದು. ಯಂತ್ರದ ಕೈಪಿಡಿಯಲ್ಲಿ ಇಲ್ಲದ ಜ್ಞಾನ ಇದು. ಆ ಜಾಗದಲ್ಲಿ ಇಬ್ಬರ ದನಿಯಲ್ಲಿ ಬರುವ ಗತ್ತೇ ಬೇರೆ.

ಯಂತ್ರದ ಸದ್ದಿನಲ್ಲಿ ದುಡಿದವರೊಂದಿಗೆ ಮಾತಾಡುವಾಗ ಕಿವಿಯ ವಿಷಯ ಮೊದಲೇ ವಿಚಾರಿಸಿ. ಸದ್ದಿನಿಂದ ಬರುವ ಕಿವುಡು ಶುರುವಾಗುವುದು 3000ರಿಂದ 6000 ಹರ್ಟ್ಜ್ ಭಾಗದಲ್ಲಿ. ದನಿ ಕೇಳಿಸುತ್ತದೆ, ಆದರೆ ಸ, ಶ, ಟ ಮುಂತಾದ ಅಕ್ಷರಗಳು ಜಾರುತ್ತವೆ. ಕೂಗಿದರೆ ಪ್ರಯೋಜನವಿಲ್ಲ. ಅಂಥವರಿದ್ದಾಗ ಹಿಂದೆ ಕೂರದೆ ಮುಖ ಕಾಣುವಂತೆ ಕುಳಿತು, ನಿಧಾನವಾಗಿ, ಚಿಕ್ಕ ವಾಕ್ಯದಲ್ಲಿ ಕೇಳಬೇಕು. ಯಾವ ಕಿವಿ ಚೆನ್ನಾಗಿದೆ ಎಂದು ಕೇಳಿ ಸಹೋದ್ಯೋಗಿಯನ್ನು ಆ ಬದಿಗೆ ಕೂರಿಸಿ. ಇಲ್ಲದಿದ್ದರೆ ಅವರು ಸುಮ್ಮನೆ ತಲೆಯಾಡಿಸುತ್ತಾರೆ, ಕೇಳಿಸಲಿಲ್ಲ ಎಂದು ಹೇಳಲು ಸಂಕೋಚ. ನಾವು ಅದನ್ನು ಒಪ್ಪಿಗೆ ಎಂದು ಬರೆದುಕೊಂಡಿರುತ್ತೇವೆ.

ಇಸವಿಗಳನ್ನು ನೇರವಾಗಿ ಕೇಳುವುದು ದಂಡ. "ಮಗಳು ಶಾಲೆಗೆ ಸೇರೋಕೆ ಮುಂಚೆನಾ, ಆಮೇಲಾ?", "ಹೊಸ ಮೆಷಿನ್ ಬಂದಿತ್ತಾ ಆಗ?" ಎಂದು ಎರಡು ಗೂಟಗಳ ನಡುವೆ ಹಿಡಿಯಬೇಕು. ಆದರೂ ತಪ್ಪು ಇಸವಿ ಬಂದರೆ ಅದನ್ನು ಕಸಕ್ಕೆ ಎಸೆಯಬೇಡಿ. ಇಟಲಿಯ ತೆರ್ನಿ ಎಂಬ ಉಕ್ಕಿನ ಪಟ್ಟಣದಲ್ಲಿ ಅಲೆಸ್ಸಾಂದ್ರೊ ಪೋರ್ತೆಲ್ಲಿ ಎಂಬ ಮೌಖಿಕ ಇತಿಹಾಸಕಾರ ಕಾರ್ಮಿಕರನ್ನು ಮಾತಾಡಿಸಿದಾಗ, 1949ರಲ್ಲಿ ನೇಟೊ ವಿರುದ್ಧದ ಪ್ರತಿಭಟನೆಯಲ್ಲಿ ಪೊಲೀಸರಿಂದ ಸತ್ತ ಲುಯಿಜಿ ತ್ರಾಸ್ತುಲ್ಲಿ ಎಂಬ ಕಾರ್ಮಿಕ, ಹಲವರ ನೆನಪಿನಲ್ಲಿ 1953ರಲ್ಲಿ, ಕಾರ್ಖಾನೆಯಿಂದ ಸಾವಿರಾರು ಜನರನ್ನು ತೆಗೆದುಹಾಕಿದಾಗಿನ ಗಲಾಟೆಯಲ್ಲಿ ಸತ್ತಿದ್ದ. ಅವರಿಗೆ ಆ ಸಾವು ಸೇರಬೇಕಾದ ಜಾಗ ಅದೇ ಆಗಿತ್ತು. ಹಾಗಾಗಿ ಹೇಳಿದ ಇಸವಿಯನ್ನು ಹೇಳಿದ ಹಾಗೇ ಬರೆದು, ದಾಖಲೆಯ ಇಸವಿಯನ್ನು ಚೌಕ ಕಂಸದಲ್ಲಿ ಪಕ್ಕದಲ್ಲಿ ಇಡುತ್ತೇನೆ.

ತೊಂಬತ್ತು ನಿಮಿಷ ದಾಟಿಸಬೇಡಿ. ಮುಂದಕ್ಕೆ ಹೋದರೆ ಬರುವುದು ಈಗಾಗಲೇ ಹೇಳಿದ್ದರ ಮರುಪ್ರಸಾರ.

"ಇದನ್ನ ಹಾಕ್ಬೇಡಿ" ಎಂದು ನಡುವೆ ಯಾರಾದರೂ ಹೇಳಿದರೆ ರೆಕಾರ್ಡರ್ ನಿಲ್ಲಿಸುವುದಿಲ್ಲ, ಸಮಯ ಗುರುತು ಮಾಡಿಕೊಳ್ಳುತ್ತೇನೆ. ನಿಲ್ಲಿಸಿದರೆ ಮಾತಿನ ಓಟ ಮುರಿಯುತ್ತದೆ. ಮುಗಿದ ಮೇಲೆ ಆ ಭಾಗವನ್ನು ಕೇಳಿಸಿ, ಪೂರ್ತಿ ಅಳಿಸಬೇಕೋ, ಹೆಸರು ಮಾತ್ರ ತೆಗೆಯಬೇಕೋ ಎಂದು ಕೇಳಿ, ಹೇಳಿದಂತೆ ಮಾಡುತ್ತೇನೆ. ಒಪ್ಪಿಗೆ ಪತ್ರಕ್ಕೆ ಸಹಿ ಮೊದಲೇ ಆಗಿದ್ದರೂ ಕೊನೆಯಲ್ಲಿ ಇನ್ನೊಮ್ಮೆ ಕೇಳಬೇಕು. ಏನು ಹೇಳಿದೆವೆಂದು ಅವರಿಗೆ ಗೊತ್ತಾಗುವುದು ಆಗಲೇ. ಎದುರಿಲ್ಲದ ಮೂರನೆಯ ಸಹೋದ್ಯೋಗಿಯ ಬಗ್ಗೆ ಇಬ್ಬರೂ ಸೇರಿ ಆಡಿದ ಮಾತು ಹೆಚ್ಚು ಎಚ್ಚರ ಬೇಡುತ್ತದೆ. ಕಳ್ಳತನ, ಕುಡಿತ, ಅಪಘಾತದ ಹೊಣೆ, ಇವು ಬಂದಲ್ಲಿ ಹೆಸರನ್ನು ತೆಗೆದು ಹುದ್ದೆಯನ್ನಷ್ಟೇ ಉಳಿಸುತ್ತೇನೆ.

ಬರೆದುಕೊಳ್ಳುವ ಕೆಲಸಕ್ಕೆ ಜನ ಸಮಯವನ್ನು ಕಡಿಮೆ ಅಂದಾಜು ಮಾಡುತ್ತಾರೆ. ಒಬ್ಬರ ಒಂದು ಗಂಟೆಯ ಮಾತಿಗೆ ನಾಲ್ಕರಿಂದ ಆರು ಗಂಟೆ ಹಿಡಿದರೆ, ಜೋಡಿಗೆ ಎಂಟು ಗಂಟೆ ಇಟ್ಟುಕೊಳ್ಳಿ. ಮೊದಲು ಎಡ ಚಾನೆಲ್ ಮಾತ್ರ ಕೇಳಿ ಒಬ್ಬರದ್ದು, ಆಮೇಲೆ ಬಲ, ಕೊನೆಗೆ ಎರಡೂ ಸೇರಿಸಿ ಮೇಲೆ ಬಿದ್ದ ಮಾತುಗಳಿಗೆ ಓರೆಗೆರೆ. ನಗು, ಕೆಮ್ಮು, ಮೇಜು ಬಡಿದದ್ದು, ಎಲ್ಲ ಕಂಸದಲ್ಲಿ. ಮೂಲ ಫೈಲಿಗೆ ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ಅಲ್ಲಿಯವರೆಗೆ ರೆಕಾರ್ಡರಿನ ಕಾರ್ಡ್ ಖಾಲಿ ಮಾಡುವುದಿಲ್ಲ. ಮಾರನೆಯ ದಿನ ಇಬ್ಬರಿಗೂ ಫೋನ್ ಮಾಡಿ. ರಾತ್ರಿ ಮಲಗಿದ ಮೇಲೆ ನೆನಪಾದದ್ದು ಯಾವಾಗಲೂ ಒಂದೆರಡು ಇರುತ್ತದೆ.

ಬರಹವನ್ನು 16 ಪಾಯಿಂಟ್ ಅಕ್ಷರದಲ್ಲಿ, ಬಲಕ್ಕೆ ಮೂರು ಬೆರಳು ಅಂಚು ಬಿಟ್ಟು ಮುದ್ರಿಸಿ, ಪೆನ್ಸಿಲ್ ಸಮೇತ ಇಬ್ಬರಿಗೂ ಒಂದೊಂದು ಪ್ರತಿ ಕೊಡುತ್ತೇನೆ. ಜೊತೆಗೆ ಮಾತಿನಲ್ಲಿ ಬಂದ ಹೆಸರುಗಳ ಪ್ರತ್ಯೇಕ ಹಾಳೆ, ಅತಿ ಹೆಚ್ಚು ತಪ್ಪು ಬೀಳುವುದು ಅಲ್ಲೇ. ವಾಪಸ್ ಬಂದ ಪ್ರತಿಗಳಲ್ಲಿ ಕೆಲವೊಮ್ಮೆ ಒಬ್ಬರು ಹೊಡೆದುಹಾಕಿದ ಸಾಲನ್ನು ಇನ್ನೊಬ್ಬರು "ಇದು ನಿಜ, ಇರಲಿ" ಎಂದು ಗುರುತು ಮಾಡಿರುತ್ತಾರೆ. ಆ ಸಾಲು ಯಾರ ಬಾಯಿಂದ ಬಂದಿತ್ತೋ ಅವರ ತೀರ್ಮಾನವೇ ಕೊನೆ. ಇನ್ನೊಬ್ಬರು ಅದೇ ಸಂಗತಿಯನ್ನು ತಮ್ಮ ಮಾತಿನಲ್ಲಿ ಹೇಳಬೇಕೆಂದರೆ ಅವರನ್ನು ಒಂಟಿಯಾಗಿ ಮತ್ತೊಮ್ಮೆ ರೆಕಾರ್ಡ್ ಮಾಡಿಕೊಳ್ಳಬಹುದು.